ಅರ್ಧ ಇಂಚಿನ ಪಾಲು

ಸಾಂತಪ್ಪನವರ ಆಸ್ತಿ ಪಾಲಾಗುವುದಕ್ಕೆ ಹನ್ನೊಂದು ಪಂಚಾಯ್ತಿಗಳು ಬೇಕಾದವು. ತೋಟ ಎರಡಾಯಿತು, ಗದ್ದೆ ಎರಡಾಯಿತು, ಕಾಫಿ ಒಣಗಿಸುವ ಕಣದ ನಡುವೆ ಸುಣ್ಣದ ಗೆರೆ ಬಿತ್ತು. ಹಿರಿಮಗ ತೀರ್ಥಪ್ರಸಾದ್ ಮತ್ತು ಅವನ ತಮ್ಮ ಲೋಕೇಶ್ ಒಂದೇ ಸೂರಿನ ಕೆಳಗೆ ಎರಡು ಒಲೆ ಹೂಡಿದರು. ಒಬ್ಬನ ಮನೆಯ ಒಗ್ಗರಣೆಗೆ ಇನ್ನೊಬ್ಬ ಬೇಕೆಂದೇ ಜೋರಾಗಿ ಸೀನುವಷ್ಟರ ಮಟ್ಟಿಗೆ ಬೇರೆಯಾದರು. ಪಾಲಾಗದೆ ಉಳಿದದ್ದು ಒಂದೇ ವಸ್ತು. ಕಾಫಿ ಸ್ಟೋರಿನ ಮೂಲೆಯಲ್ಲಿ ಗೋಣಿ ಹೊದ್ದು ನಿಂತಿದ್ದ ಗೇಮ್ ಮೆಷಿನ್. ಅದರ ಎರಡು ಕಾಲು ಅಣ್ಣನ ಪಾಲಿನಲ್ಲಿದ್ದವು, ಎರಡು ಕಾಲು ತಮ್ಮನ ಪಾಲಿನಲ್ಲಿ.

ಮೂವತ್ತು ವರ್ಷದ ಹಿಂದೆ ಸಾಂತಪ್ಪನವರು ನಾಪೋಕ್ಲು ಬಸ್ ಸ್ಟ್ಯಾಂಡಿನ ಹಿಂದೆ ಮೂರು ಮೆಷಿನ್ ಇಟ್ಟು ವಿಡಿಯೋ ಗೇಮ್ ಅಂಗಡಿ ನಡೆಸಿದ್ದರು. ಕಕ್ಕಬೆ ಬಸ್ಸಿಗೆ ಕಾಯುವ ಹುಡುಗರು ಅಲ್ಲಿ ಒಳಗೆ ಹೋಗಿ, ಬಸ್ಸು ತಪ್ಪಿಸಿಕೊಂಡು, ಮುಂದಿನ ಬಸ್ಸಿಗೆ ಕಾಯಲು ಮತ್ತೆ ಒಳಗೆ ಹೋಗುತ್ತಿದ್ದರು. ಎರಡು ಮೆಷಿನ್ ಗುಜರಿಗೆ ಹೋದವು. ಮೂರನೆಯದು, ಇಬ್ಬರು ಎದುರುಬದುರು ಗುದ್ದಾಡುವ ಆಟದ್ದು, ಮನೆಗೆ ಬಂತು. ಅದರ ಪ್ಯಾನಲನ್ನು, ಅಂದರೆ ಸ್ಟಿಕ್ಕು ಬಟನ್ನುಗಳನ್ನು ಕೂರಿಸಿದ್ದ ಮುಂದಿನ ಹಲಗೆಯನ್ನು, ಗೆದ್ದಲು ತಿಂದಿತು. ತೀರ್ಥಪ್ರಸಾದನಿಗೆ ಅದು ತನ್ನ ಹೋಂಸ್ಟೇ ವರಾಂಡದಲ್ಲಿ ಬೇಕು, ಬಂದವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲಿ ಎಂದು. ಲೋಕೇಶನಿಗೆ ಅದು ಬೇಕು, ತೀರ್ಥಪ್ರಸಾದನಿಗೆ ಬೇಕಲ್ಲ ಎಂದು.

ಸಾಂತಪ್ಪನವರಿಗೆ ಮೂರನೆಯ ಮಗುವೂ ಒಂದಿತ್ತು. ಯಮುನಾ. ಎಲ್ಲರಿಗಿಂತ ಚಿಕ್ಕವಳು, ಈಗ ನಲವತ್ತಮೂರು. ಮದುವೆಯಾಗಿ ನಾಪೋಕ್ಲಿಗೆ ಸೇರಿ, ಪೇಟೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟವಳು. ಮದುವೆ, ತಿಥಿ, ಹಾಕಿ ಟೂರ್ನಮೆಂಟು ಎಲ್ಲದಕ್ಕೂ ಬ್ಯಾನರು. ಅದರ ಜೊತೆಗೆ ಲೇಸರ್ ಮೆಷಿನ್ನಿನಲ್ಲಿ ಪ್ಲೈವುಡ್ಡು, ಅಕ್ರಿಲಿಕ್ಕು ಕತ್ತರಿಸುವ ಕೆಲಸ. ಪಾಲು ಪತ್ರವಾದ ದಿನ ಅವಳು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ತನ್ನ ಹಕ್ಕು ಬಿಟ್ಟುಕೊಟ್ಟು ಸೈನು ಹಾಕಿದ್ದಳು. ಅಣ್ಣಂದಿರು ಅದಕ್ಕೆ ಪ್ರತಿಯಾಗಿ ಒಂದು ಸೀರೆ, ಒಂದು ಊಟ ಕೊಟ್ಟಿದ್ದರು. ಸೀರೆಯ ಬಣ್ಣವನ್ನು ಇಬ್ಬರೂ ಸೇರಿ ಆರಿಸಿದ್ದರಂತೆ. ಅವರು ಸೇರಿ ಮಾಡಿದ ಕೊನೆಯ ಕೆಲಸ ಅದು, ಹಾಗೆಯೇ ಕಾಣುತ್ತಿತ್ತು ಸೀರೆ.

ತೋಟ ಹೋದದ್ದಕ್ಕೆ ಯಮುನಾ ಅತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಮೆಷಿನ್. ಹನ್ನೆರಡನೇ ವಯಸ್ಸಿನಿಂದ ದಿನಾ ಬೆಳಿಗ್ಗೆ, ಅಂಗಡಿಯ ಶಟರ್ ಅರ್ಧ ಎತ್ತಿ, ಗಿರಾಕಿ ಬರುವ ಮೊದಲು ಒಂದೊಂದು ಬಟನ್ ಒತ್ತಿ ಟೆಸ್ಟ್ ಮಾಡುವ ಕೆಲಸ ಅಪ್ಪ ಅವಳಿಗೆ ಕೊಟ್ಟಿದ್ದರು. ಸತ್ತ ಬಟನ್ನಿಗೆ ವಯರು ಬೆಸೆಯುತ್ತಿದ್ದವಳು ಅವಳೇ. ಅಣ್ಣಂದಿರ ಕೆಲಸ ಸಂಜೆ ಬಂದು ಅದನ್ನು ಕೆಡಿಸುವುದು. ಹೆಣ್ಣುಮಕ್ಕಳು ಆಡುವ ಜಾಗವಲ್ಲ ಅದು ಎಂದು ಊರೇ ಹೇಳುತ್ತಿತ್ತು. ಟೆಸ್ಟ್ ಮಾಡಬಾರದು ಎಂದು ಯಾರೂ ಹೇಳಿರಲಿಲ್ಲ. ಅಪ್ಪನ ಆ ಅಂಗಡಿಯಲ್ಲಿ ತನ್ನದು ಎಂದು ಅವಳಿಗೆ ಅನಿಸಿದ್ದದ್ದು ಆ ಅರ್ಧ ಶಟರಿನ ಅರ್ಧ ಗಂಟೆ ಮಾತ್ರ.

ಮೆಷಿನ್ನಿನ ತೀರ್ಮಾನ ಮಾಡಿದವರು ನಾಣಯ್ಯ ಚಿಕ್ಕಪ್ಪ. ಸಾಂತಪ್ಪನವರ ತಮ್ಮ, ಸೊಸೈಟಿಯಲ್ಲಿ ಮೂವತ್ತು ವರ್ಷ ಸೆಕ್ರೆಟರಿ, ಈಗ ಎಪ್ಪತ್ತೆಂಟು. ಹನ್ನೊಂದು ಪಂಚಾಯ್ತಿಗೂ ಅವರೇ ಯಜಮಾನರು. ಅಣ್ಣನ ಗಂಡುಮಕ್ಕಳಿಬ್ಬರನ್ನು ಅವರು ಸಮಾನವಾಗಿ ದ್ವೇಷಿಸುತ್ತಿದ್ದರು. ಹೀಗಾಗಿ ಇಬ್ಬರಿಗೂ ಅವರ ಮೇಲೆ ನಂಬಿಕೆ.

"ಕೇಳಿ ಇಲ್ಲಿ," ಎಂದಿದ್ದರು. "ಹಲಗೆ ಹೊಸದು ಮಾಡ್ಸಿ. ಇಬ್ರು ಎದುರಾಬದುರಾ ಆಡಿ. ಐದರಲ್ಲಿ ಮೂರು ಗೆದ್ದವನು ಮೆಷಿನ್ ಹೊತ್ಕೊಂಡು ಹೋಗ್ಲಿ. ನನ್ನ ಮಂಡೆ ಬಿಡಿ."

"ಹಲಗೆಯ ಪ್ಲಾನ್ ಯಾರು ಹಾಕೋದು?" ಎಂದು ಲೋಕೇಶ್ ಕೂಡಲೇ ಕೇಳಿದ. "ಇವ ಹಾಕಿದ್ರೆ ನನ್ನ ಕಡೆ ಬಟನ್ನೇ ಇರಲ್ಲ."

"ಗದ್ದೆ ಪಾಲಾದದ್ದು ಹೇಗೆ? ಹಿರಿಯವ ಪಾಲು ಮಾಡ್ಬೇಕು, ಕಿರಿಯವರು ಮೊದಲು ಆರಿಸ್ಬೇಕು. ಇದೂ ಹಾಗೇ. ತೀರ್ಥ ಪ್ಲಾನ್ ಹಾಕ್ಲಿ. ಎಡವೋ ಬಲವೋ, ಆರಿಸೋದು ಕಿರಿಯವರು. ಆರಿಸೋ ಮೊದಲು ಯಾರೂ ಇಣುಕೋ ಹಾಗಿಲ್ಲ, ಮುಟ್ಟೋ ಹಾಗಿಲ್ಲ."

ಕತ್ತರಿಸುವುದು ಯಮುನಾ ಎಂದು ಬೇರೆ ಹೇಳಬೇಕಾಗಿರಲಿಲ್ಲ. ಮನೆಯ ಹುಡುಗಿ, ಪುಕ್ಕಟೆ ಮಾಡಿಕೊಡುತ್ತಾಳೆ.

ಎರಡನೇ ದಿನ ತೀರ್ಥಪ್ರಸಾದ್ ಅಂಗಡಿಗೆ ಬಂದ. ಗ್ರಾಫ್ ಶೀಟಿನಲ್ಲಿ ಸ್ಕೇಲು ಹಿಡಿದು ಗೆರೆ ಹಾಕಿದ್ದ, ಅಂದವಾಗಿಯೇ ಇತ್ತು. ಎರಡು ಕಡೆಗೂ ಒಂದೊಂದು ಸ್ಟಿಕ್, ಪಕ್ಕದಲ್ಲಿ ಮೇಲೆ ಮೂರು ಕೆಳಗೆ ಮೂರು, ಒಟ್ಟು ಆರಾರು ಬಟನ್. ಯಮುನಾ ಕಾಗದದ ಮೇಲೆ ತನ್ನ ಕೈ ಇಟ್ಟು ನೋಡಿದಳು. ಬಲಗಡೆ ಕೈ ನಿರಾಳವಾಗಿ ಕೂತಿತು. ಎಡಗಡೆ ಕೂರಲಿಲ್ಲ.

"ಎಂತ ದೊಡ್ಡಣ್ಣ, ಎಡಗಡೆ ಬೇರೆ ಉಂಟು, ಬಲಗಡೆ ಬೇರೆ ಉಂಟು?"

"ಮೆಲ್ಲ ಮಾತಾಡು ಮಾರಾಯ್ತಿ."

"ಇಲ್ಲಿ ಯಾರಿದ್ದಾರೆ? ಆ ಮದುವೆ ಗಂಡು ಹೆಣ್ಣು ಇರೋದು ಫ್ಲೆಕ್ಸಲ್ಲಿ, ಅವ್ರಿಗೆ ಕೇಳಲ್ಲ."

ತೀರ್ಥಪ್ರಸಾದ್ ಸ್ಟೂಲ್ ಎಳೆದು ಕೂತ. "ಎಡಗಡೆ, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ಅರ್ಧ ಇಂಚು ಜಾಸ್ತಿ. ಅಷ್ಟೇ. ಕಣ್ಣಿಗೆ ಕಾಣ್ಬಾರ್ದು. ಮೇಲೆ ಬೆಂಕಿಗಿಂಕಿ ಇರೋ ಸ್ಟಿಕ್ಕರ್ ಅಂಟಿಸು. ಲೋಕೇಶನ ಬೆರಳು ನೋಡಿದ್ದೀಯಲ್ಲ, ಎಳೆ ಬೆಂಡೆಕಾಯಿ ಹಾಗೆ. ದೊಡ್ಡ ಏಟಿಗೂ ತಡೆಗೂ ಎರಡು ಸಾಲು ಒಟ್ಟಿಗೆ ಒತ್ಬೇಕಲ್ಲ, ಅದು ಅವನಿಂದ ಆಗ್ಬಾರ್ದು."

"ಅಂವ ಎಡಗಡೆಯೇ ಆರಿಸ್ತಾನೆ ಅಂತ ನಿಮ್ಗೆಂತ ಗ್ಯಾರಂಟಿ?"

"ಎತ್ತಿಗೆ ಹಟ್ಟಿ ದಾರಿ ತೋರಿಸ್ಬೇಕಾ? ಅಪ್ಪನ ಅಂಗಡಿಯಲ್ಲೂ ಅವನು ಎಡಗಡೆ ಬಿಟ್ಟು ನಿಂತದ್ದೇ ಇಲ್ಲ. ಈಗ್ಲೂ ಮದುವೆ ಪಂಕ್ತಿಯಲ್ಲಿ ಎಡಗಡೆ ತುದಿ ಹುಡುಕ್ತಾನೆ."

ಯಮುನಾ ಕಾಗದ ಮಡಚಿದಳು. ಆಮೇಲೆ, ಬಹಳ ದಿನದಿಂದ ಬಾಯೊಳಗೆ ಇಟ್ಟುಕೊಂಡಿದ್ದದ್ದನ್ನು ಹೇಳಿದಳು. "ದೊಡ್ಡಣ್ಣ, ಇಷ್ಟೆಲ್ಲ ಎಂತಕ್ಕೆ? ಇಬ್ರಿಗೂ ಬೇಡ. ಮೆಷಿನ್ ನಂಗೆ ಕೊಟ್ಬಿಡಿ."

ತೀರ್ಥಪ್ರಸಾದ್ ನಕ್ಕ. ಸಿಟ್ಟಿಗಿಂತ ಅವನ ನಗು ಕೆಟ್ಟದು. "ನಿಂಗಾ? ಅದು ಕುಕ್ಕರ್ ಅಲ್ಲ ಕೂಸೇ."

"ಅದರ ವಯರ್ ಎಲ್ಲ ಬೆಸೆದದ್ದು ನಾನು."

"ಬಾವಿ ತೋಡಿದವನಿಗೆಲ್ಲ ಬಾವಿ ಬರೆದುಕೊಟ್ರೆ ಆಯ್ತು. ಬೇರೆ ಮನೆ ಸೇರಿದವಳು ನೀನು, ಸೈನ್ ಹಾಕಿ ಆಗಿದೆ. ಅಳತೆ ಸರಿಯಾಗಿ ಕತ್ತರಿಸು, ಸಾಕು."

ಅವನು ಹೋದ ಮೇಲೆ ಯಮುನಾ ಗ್ರಾಫ್ ಶೀಟನ್ನು ಕಂಪ್ಯೂಟರಿಗೆ ಏರಿಸಿದಳು. ಅರ್ಧ ಇಂಚನ್ನು ಸರಿಮಾಡಲಿಲ್ಲ, ಹೆಚ್ಚಿಸಲೂ ಇಲ್ಲ. ತಪ್ಪು ಹೆಸರು ಬರೆದುಕೊಟ್ಟ ಮದುವೆ ಬ್ಯಾನರುಗಳನ್ನು ಅವಳು ಹಾಗೆಯೇ ಪ್ರಿಂಟ್ ಹಾಕಿ ಕೊಟ್ಟದ್ದುಂಟು. ಅಳತೆ ಗಿರಾಕಿಯದು.

ಮರುದಿನ ಲೋಕೇಶ್ ಬಂದ. ಹೊಸಿಲು ದಾಟುವ ಮೊದಲೇ ಶುರು ಮಾಡಿದ. "ಬಂದಿದ್ದನಲ್ಲ ನಿನ್ನ ದೊಡ್ಡಣ್ಣ? ಎಂತ ಕಿತಾಪತಿ ಮಾಡಿದ್ದಾನೆ? ತೋರ್ಸು."

"ಆರಿಸೋ ಮೊದಲು ನೋಡೋ ಹಾಗಿಲ್ಲ."

"ನೀನು ಯಾವಾಗ್ಲೂ ಅವನ ಬಾಲ." ಲೋಕೇಶ್ ಟೇಬಲ್ ಮೇಲಿದ್ದ ನಂಬರ್ ಪ್ಲೇಟು ಎತ್ತಿ ನೋಡಿ, ಅದು ತನ್ನದಲ್ಲ ಎಂಬ ಕಾರಣಕ್ಕೇ ಕುಕ್ಕಿದ. "ಸರಿ, ತೋರಿಸ್ಬೇಡ. ನಾನು ಎಡಗಡೆಯೇ ನಿಲ್ಲೋದು, ಅದು ಎಲ್ರಿಗೂ ಗೊತ್ತು. ನೀನೊಂದು ಕೆಲಸ ಮಾಡು. ಬಲಗಡೆ ಒಂದು ಬಟನ್ನಿನ ವಯರು ಸ್ವಲ್ಪ ಲೂಸ್ ಬಿಡು. ಎರಡು ಆಟ ಆದ್ಮೇಲೆ ಸಾಯ್ಬೇಕು."

"ಆಗಲ್ಲ."

"ಎಂತಕ್ಕೆ ಆಗಲ್ಲ? ಅವನಿಗಾದ್ರೆ ಆಗ್ತದೆ!"

"ಅಳತೆ ಗಿರಾಕಿದು, ಸಣ್ಣಣ್ಣ. ಬಟನ್ ಅಂಗಡಿದು. ನನ್ನ ಅಂಗಡಿಯಿಂದ ಸತ್ತ ಬಟನ್ ಹೋಗಲ್ಲ."

"ದೊಡ್ಡ ಅಂಗಡಿ! ತಿಥಿ ಫ್ಲೆಕ್ಸಲ್ಲಿ ಸತ್ತವನ ಬದ್ಲು ಮಗನ ಫೋಟೋ ಹಾಕಿದವಳು ನೀನು." ಅದು ನಿಜವಾಗಿತ್ತು. ಬಾಗಿಲಲ್ಲಿ ನಿಂತು ಅವನು ಬೆರಳು ಆಡಿಸಿದ. ಬೆರಳು ಗಿಡ್ಡವೇ, ದೊಡ್ಡಣ್ಣ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. "ಮಾಡದಿದ್ರೆ ಬೇಡ. ಆರಿಸೋದು ನಾನು. ಚಿಕ್ಕವರಿಗೆ ಮೊದ್ಲು ಅಂತ ಹಿರಿಯರು ಸುಮ್ನೆ ಮಾಡಿಟ್ಟಿದ್ದಾ? ಅವನಿಗೆ ಉಳಿದದ್ದೇ ಗತಿ."

ಯಮುನಾ ಬಟನ್ನಿಗೆ ವಯರು ಸಿಕ್ಕಿಸುತ್ತಿದ್ದವಳು ಕೈ ನಿಲ್ಲಿಸಿದಳು. ಅವನ ಬೈಕು ಸಂತೆ ರಸ್ತೆ ತಿರುಗಿದ ಮೇಲೂ ಹಾಗೆಯೇ ಕೂತಿದ್ದಳು. ಆಮೇಲೆ ಎದ್ದು, ಬೀರುವಿನಿಂದ ಪಾಲು ಪತ್ರದ ಜೆರಾಕ್ಸ್ ತೆಗೆದು, ಮೊದಲಿನಿಂದ ಕೊನೆಯವರೆಗೆ, ಕನ್ನಡಕ ಹಾಕಿಕೊಂಡು ಓದಿದಳು. ಸೈನು ಹಾಕಿದ ದಿನ ಓದಿರಲಿಲ್ಲ.

ಭಾನುವಾರ ಹನ್ನೊಂದು ಗಂಟೆಗೆ ಸ್ಟೋರಿನಲ್ಲಿ ಎಲ್ಲರೂ ಸೇರಿದರು. ಹೊರಗೆ ಕಣದ ಗೆರೆಯ ಎರಡೂ ಕಡೆ ಕಾಫಿ ಒಣಗುತ್ತಿತ್ತು. ಯಮುನಾ ಬೆಳಿಗ್ಗೆಯೇ ಗಂಡ ಗಿರಿಯೊಂದಿಗೆ ಬಂದು ಪ್ಯಾನಲ್ ಕೂರಿಸಿ, ಒಳಗಿನ ಹಳೆಯ ಪಿಕ್ಚರ್ ಟ್ಯೂಬ್ ತೆಗೆದು ಹೊಸ ಸ್ಕ್ರೀನ್ ಸಿಕ್ಕಿಸಿ, ಮೇಲೆ ಟವೆಲ್ ಮುಚ್ಚಿದ್ದಳು. ತೀರ್ಥಪ್ರಸಾದನ ಹೆಂಡತಿ ರಮ್ಯ ಕಾಫಿ ತಂದು ಗಂಡನಿಗೂ ಚಿಕ್ಕಪ್ಪನಿಗೂ ಕೊಟ್ಟು, ಲೋಕೇಶನ ಮುಂದೆ ಖಾಲಿ ತಟ್ಟೆ ಹಿಡಿದು ದಾಟಿದಳು. ನಾದಿನಿಗೆ ಕೊಡುವ ವಿಷಯ ಅವಳಿಗೆ ಹೊಳೆಯಲಿಲ್ಲ.

ನಾಣಯ್ಯ ಚಿಕ್ಕಪ್ಪ ಟವೆಲ್ ಎಳೆದರು. ಕೆಂಪು ಬೆಂಕಿಯ ನಡುವೆ ಹನ್ನೆರಡು ಬಟನ್ನುಗಳು ಮಿಂಚಿದವು. ಕಣ್ಣಿಗೆ ಎರಡೂ ಕಡೆ ಒಂದೇ.

"ಹಿರಿಯವ ಪಾಲು ಮಾಡಿ ಆಯ್ತು. ಇನ್ನು ಆರಿಸೋದು."

ಲೋಕೇಶ್ ತೋಳು ಮಡಚಿ ಎಡಗಡೆಗೆ ಹೆಜ್ಜೆ ಇಟ್ಟ.

"ಚಿಕ್ಕಪ್ಪ, ಒಂದು ನಿಮಿಷ," ಎಂದಳು ಯಮುನಾ. "ನಿಯಮ ಎಂತದ್ದು? ಇನ್ನೊಂದ್ಸಲ ಹೇಳಿ."

"ಹಿರಿಯವ ಪಾಲು ಮಾಡ್ಬೇಕು, ಕಿರಿಯವರು ಮೊದಲು ಆರಿಸ್ಬೇಕು."

"ಅಪ್ಪನ ಮಕ್ಕಳಲ್ಲಿ ಕಿರಿಯವರು ಯಾರು?"

ಮೊದಲು ಬಾಯಿ ಬಿಟ್ಟವನು ಲೋಕೇಶ್. "ಏಯ್, ಇದೆಂತ ಹೊಸ ಪಿರಿಪಿರಿ? ನೀನು ಸೈನ್ ಹಾಕಿ ಹಕ್ಕು ಬಿಟ್ಟವಳು!"

"ಎಂತದ್ದರ ಹಕ್ಕು ಬಿಟ್ಟದ್ದು ಅಂತ ಓದಿ." ಅವಳು ಜೆರಾಕ್ಸನ್ನು ಚಿಕ್ಕಪ್ಪನ ಕೈಗೆ ಕೊಟ್ಟಳು.

ಪಟ್ಟಿ ಬರೆಸಿದ್ದವರು ಅವರೇ. ಸೊಸೈಟಿಯ ಸೆಕ್ರೆಟರಿಗೆ ತಕ್ಕ ಪಟ್ಟಿ. ಅವರು ಗಟ್ಟಿಯಾಗಿ ಓದಿದರು. ತೋಟ, ಗದ್ದೆ, ವಾಸದ ಮನೆ, ಸ್ಟೋರು, ಕಣ, ಬಾವಿ, ಹಲಸಿನ ಮರ ಎರಡು, ತಿರುಗಾಡುವ ದಾರಿ, ಸಗಣಿ ಗುಂಡಿ ಸಹಿತ. ಓದಿ ಮುಗಿಸಿ ಹಾಳೆ ತಿರುವಿ ಹಿಂದೆಯೂ ನೋಡಿದರು. ಸಗಣಿ ಗುಂಡಿ ಇತ್ತು, ಮೆಷಿನ್ ಇರಲಿಲ್ಲ.

"ಮೆಷಿನ್ ಬಿಟ್ಟುಹೋಗಿದೆ," ಎಂದರು, ತಮ್ಮ ಮೂವತ್ತು ವರ್ಷದ ಸೇವೆಯಲ್ಲಿ ಇದು ಮೊದಲ ಸಲ ಎಂಬ ಧ್ವನಿಯಲ್ಲಿ.

"ಚಿಕ್ಕಪ್ಪ, ನೀವೂ ಅವಳ ಮಾತು ಕೇಳ್ತೀರಾ?" ತೀರ್ಥಪ್ರಸಾದ್ ಎದ್ದ. "ಹೆಣ್ಣುಮಕ್ಕಳಿಗೆ ಆರಿಸೋ ಪದ್ಧತಿ ನಮ್ಮಲ್ಲಿ ಎಲ್ಲುಂಟು?"

"ಮೆಷಿನ್ನಿಗೆ ಪ್ಲಾನ್ ಹಾಕೋ ಪದ್ಧತಿಯೂ ಎಲ್ಲೂ ಇರ್ಲಿಲ್ಲ. ನೀನು ಹಾಕ್ಲಿಲ್ವಾ?" ಚಿಕ್ಕಪ್ಪನ ಮುಖದಲ್ಲಿ ಸಂತೋಷದಂಥದ್ದೇನೋ ಸುಳಿಯಿತು. ಹನ್ನೊಂದು ಪಂಚಾಯ್ತಿಗಳಲ್ಲಿ ಈ ಇಬ್ಬರೂ ಒಟ್ಟಿಗೆ ಬೆವರಿದ್ದನ್ನು ಅವರು ನೋಡಿರಲಿಲ್ಲ. "ಯಮುನಾ, ಆರಿಸು."

"ಬಲಗಡೆ."

ತೀರ್ಥಪ್ರಸಾದ್ ಮುಂದೆ ಬಂದ. "ಎಡಗಡೆ ತಗೋ ಕೂಸೇ. ಎಡಗಡೆ ಮೊದಲನೇ ಜಾಗ, ಮರ್ಯಾದೆ ಜಾಗ. ಲಕ್ಷಣ ಅದು."

"ಅಷ್ಟು ಒಳ್ಳೇ ಜಾಗ ನಿಮ್ಗೇ ಇರ್ಲಿ ದೊಡ್ಡಣ್ಣ."

ಬೇಡ ಎನ್ನಲು ಅವನ ಹತ್ತಿರ ಕಾರಣವಿತ್ತು, ಹೇಳುವ ಹಾಗಿರಲಿಲ್ಲ.

"ಉಳಿದದ್ದು ನಿಮ್ಮಿಬ್ರದು," ಎಂದರು ಚಿಕ್ಕಪ್ಪ. "ಯಾರು ಆಡ್ತೀರಿ?"

"ನಾನು," ಎಂದರು ಇಬ್ಬರೂ.

ಹತ್ತು ನಿಮಿಷ ಜಗಳವಾಯಿತು. ಲೋಕೇಶ್ ಆಡಿ ಗೆದ್ದರೆ ಮೆಷಿನ್ ಅವನದಾಗುತ್ತದೆ ಎಂದು ಅಣ್ಣ. ಅಣ್ಣ ಆಡಿ ಸೋತರೆ ಬೇಕೆಂದೇ ಸೋತದ್ದು ಎಂದು ತಮ್ಮ. ಕೊನೆಗೆ ಚಿಕ್ಕಪ್ಪ ಬೇಸತ್ತು, "ಇಬ್ರೂ ಆಡಿ ಸಾಯಿರಿ. ಒಬ್ಬ ಸ್ಟಿಕ್ ಹಿಡೀಲಿ, ಒಬ್ಬ ಬಟನ್ ಒತ್ಲಿ," ಎಂದರು. ಅವರು ಅದನ್ನು ಬೈಗುಳ ಎಂದುಕೊಂಡು ಹೇಳಿದ್ದು. ಅಣ್ಣತಮ್ಮಂದಿರು ತೀರ್ಪು ಎಂದುಕೊಂಡರು. ಮೊದಲು ಇವಳನ್ನು ಸೋಲಿಸುವುದು, ಆಮೇಲೆ ನಮ್ಮ ನಮ್ಮಲ್ಲಿ ನೋಡಿಕೊಳ್ಳುವುದು. ಹಿರಿಯವನೆಂದು ತೀರ್ಥಪ್ರಸಾದ್ ಸ್ಟಿಕ್ ಹಿಡಿದ. ಬಟನ್ನುಗಳು ಲೋಕೇಶನಿಗೆ ಉಳಿದವು.

ಇಬ್ಬರು ಗಂಡಸರು, ಐವತ್ತರ ಆಚೆ ಈಚೆ, ಒಂದೂವರೆ ಅಡಿ ಜಾಗದಲ್ಲಿ ಭುಜಕ್ಕೆ ಭುಜ ಒತ್ತಿ ನಿಂತರು. ಪಾಲಾದ ಮೇಲೆ ಅವರು ಇಷ್ಟು ಹತ್ತಿರ ಬಂದದ್ದು ಇದೇ ಮೊದಲು.

ಮೊದಲ ಆಟ ಅವರೇ ಗೆದ್ದರು. ಹೇಗೆಂದು ಅವರಿಗೂ ತಿಳಿಯಲಿಲ್ಲ. ಅಣ್ಣ ಮುಂದೆ ನೂಕಿದಾಗಲೆಲ್ಲ ತಮ್ಮ ಗುದ್ದಿದ, ಯಮುನಾಳ ಆಳು ಸ್ಕ್ರೀನಿನ ಮೂಲೆಯಲ್ಲಿ ಅಂಗಾತ ಬಿದ್ದ. ಮೂವತ್ತು ವರ್ಷದಲ್ಲಿ ಎದುರಿಗೆ ಒಬ್ಬರನ್ನು ಇಟ್ಟುಕೊಂಡು ಅವಳು ಆಡಿಯೇ ಇರಲಿಲ್ಲ. ಟೆಸ್ಟ್ ಮಾಡುವಾಗ ಎದುರಿನವನು ಸುಮ್ಮನೆ ನಿಂತಿರುತ್ತಿದ್ದ. "ನೋಡಿದ್ಯಾ?" ಎಂದ ಲೋಕೇಶ್, ಮತ್ತು ಒಂದು ಕ್ಷಣ, ಮೈಮರೆತು, ಅಣ್ಣನ ಮುಖ ನೋಡಿ ನಕ್ಕುಬಿಟ್ಟ. ತೀರ್ಥಪ್ರಸಾದ್ ಕೂಡ ಬಾಯಿ ಅರ್ಧ ತೆರೆದಿದ್ದ.

ಎರಡನೇ ಆಟದಲ್ಲಿ ಯಮುನಾ ದೂರ ನಿಂತಳು. ಮೇಲಿನ ಬಟನ್ನು, ಕೆಳಗಿನ ಬಟನ್ನು ಒಟ್ಟಿಗೆ ಒತ್ತಿ ದೂರದಿಂದಲೇ ಹೊಡೆಯತೊಡಗಿದಳು. ಅದನ್ನು ತಡೆಯಬೇಕಾದರೂ ಎರಡು ಸಾಲು ಒಟ್ಟಿಗೆ ಒತ್ತಬೇಕು.

"ತಡಿ! ತಡಿಯೋ!" ಎಂದು ತೀರ್ಥಪ್ರಸಾದ್ ಕೂಗಿದ.

"ಎಟುಕ್ತಾ ಇಲ್ಲ!"

"ಬೆರಳು ಬಿಡಿಸು!"

"ಬಿಡಿಸಿದ್ದೇನೆ ಮಾರಾಯ, ಎಟುಕ್ತಾ ಇಲ್ಲ ಅಂದ್ರೆ!"

ಸ್ಕ್ರೀನಿನಲ್ಲಿ ಅವರ ಆಳು ಬಿದ್ದ. ಒಂದು, ಒಂದು.

ಲೋಕೇಶ್ ಮೂರನೇ ಆಟಕ್ಕೆ ಕೈ ಇಡಲಿಲ್ಲ. ತನ್ನ ಬೆರಳುಗಳನ್ನು ನೋಡಿದ, ಬಟನ್ ನೋಡಿದ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ತನ್ನ ಕಡೆಯ ಎರಡು ಸಾಲುಗಳ ನಡುವೆ ಅಡ್ಡ ನಿಲ್ಲಿಸಿದ. ಸಲೀಸಾಗಿ ಇಳಿಯಿತು. ಅದೇ ಪೊಟ್ಟಣವನ್ನು ಯಮುನಾಳ ಕಡೆ ಇಟ್ಟ. ಇಳಿಯಲಿಲ್ಲ.

"ಅಣ್ಣ," ಎಂದ ಬಹಳ ಮರ್ಯಾದೆಯಿಂದ, "ಇದೆಂತ?"

"ಪ್ಲೈವುಡ್ ಹಿಗ್ಗಿರ್ಬೇಕು."

"ನನ್ನ ಕಡೆ ಮಾತ್ರ ಹಿಗ್ಗಿತಾ? ಪ್ಲೈವುಡ್ಡಿಗೂ ನನ್ನ ಮೇಲೆ ದ್ವೇಷವಾ?" ಲೋಕೇಶನ ಧ್ವನಿ ಏರಿತು. "ನಂಗೆ ಅಂತಲೇ ಮಾಡಿಸಿದ್ದು! ನನ್ನ ಬೆರಳಿನ ಅಳತೆಗೆ ಗುಂಡಿ ತೋಡಿ, ಈಗ ಆ ಗುಂಡಿಯಲ್ಲಿ ನನ್ನ ಕೈಯಲ್ಲೇ ಆಡಿಸ್ತಾ ಇದ್ದಾನೆ! ಯಮುನಾ, ನಿಂಗೂ ಗೊತ್ತಿತ್ತು!"

"ಗ್ರಾಫ್ ಶೀಟ್ ನನ್ನ ಹತ್ರ ಉಂಟು ಸಣ್ಣಣ್ಣ. ಬೇಕಾ?"

"ಬಲಗಡೆ ವಯರ್ ಲೂಸ್ ಮಾಡು ಅಂತ ಹೇಳಿದವ ಯಾರು ಅಂತಲೂ ಹೇಳು," ಎಂದು ಗಿರಿ ಬಾಗಿಲಿನಿಂದ ಸೇರಿಸಿದ. ಅಳಿಯನಾಗಿ ಹದಿನೆಂಟು ವರ್ಷ ಆ ಮನೆಯಲ್ಲಿ ಅವನು ಬಾಯಿ ಬಿಟ್ಟಿರಲಿಲ್ಲ.

ಆಮೇಲಿನದನ್ನು ಆಟ ಎನ್ನುವುದು ಕಷ್ಟ. ಸ್ಟಿಕ್ ಬಿಟ್ಟರೆ ತಪ್ಪು ಒಪ್ಪಿದಂತೆ ಎಂದು ತೀರ್ಥಪ್ರಸಾದ್ ಬಿಡಲಿಲ್ಲ. ಬಟನ್ ಬಿಟ್ಟರೆ ಪಾಲು ಬಿಟ್ಟಂತೆ ಎಂದು ಲೋಕೇಶ್ ಬಿಡಲಿಲ್ಲ. ಅಣ್ಣ ಹಿಂದೆ ಎಳೆದಾಗ ತಮ್ಮ ಗುದ್ದಿದ, ಮುಂದೆ ನೂಕಿದಾಗ ಬೇಕೆಂದೇ ಕೈ ಕಟ್ಟಿ ನಿಂತ. ಅವರ ಆಳು ಸ್ಕ್ರೀನಿನಲ್ಲಿ ಯಾರೂ ಇಲ್ಲದ ಕಡೆ ಒದೆಯುತ್ತ, ಕಾರಣವಿಲ್ಲದೆ ಎಗರುತ್ತ ಕುಣಿದ; ನಿಜವಾದ ಗುದ್ದುಗಳೆಲ್ಲ ಸ್ಕ್ರೀನಿನ ಈಚೆ, ಮೊಣಕೈಯಿಂದ ಪಕ್ಕೆಗೆ ಬೀಳುತ್ತಿದ್ದವು. ಯಮುನಾ ಅವರ ಕಡೆ ನೋಡಲಿಲ್ಲ. ಬೆಳಿಗ್ಗೆ ಟೆಸ್ಟ್ ಮಾಡುತ್ತಿದ್ದ ಕ್ರಮದಲ್ಲೇ, ಮೇಲಿನ ಸಾಲು, ಕೆಳಗಿನ ಸಾಲು, ಎರಡೂ ಒಟ್ಟಿಗೆ, ಒಂದೊಂದಾಗಿ ಒತ್ತಿ ಮುಗಿಸಿದಳು. ಮೂರು, ಒಂದು.

"ಮುಗೀತು," ಎಂದು ಚಿಕ್ಕಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡರು. "ಹನ್ನೆರಡನೇ ಪಂಚಾಯ್ತಿಗೆ ನನ್ನನ್ನ ಕರೀಬೇಡಿ. ಹೆಣ ಎತ್ತೋಕೆ ಕರೀರಿ, ಯಾರದ್ದಾದ್ರೂ ಬರ್ತೇನೆ."

ಮೆಷಿನ್ ಎತ್ತಲು ಅಣ್ಣಂದಿರು ಕೈ ಹಚ್ಚಲಿಲ್ಲ. ಗಿರಿ ಮತ್ತು ಪಿಕಪ್ ಡ್ರೈವರ್ ಹೊತ್ತರು. ಯಮುನಾ ಹಿಂದಿನಿಂದ ವಯರು ಹಿಡಿದು ನಡೆದಳು. ಬಾಗಿಲಲ್ಲಿ ತೀರ್ಥಪ್ರಸಾದ್ ನಿಂತಿದ್ದ.

"ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ."

"ಯಾವ ಮೆಟ್ಟಿಲು ದೊಡ್ಡಣ್ಣ? ಕೆಳಗಿನ ಮೂರು ನಿಮ್ದು, ಮೇಲಿನ ಎರಡು ಸಣ್ಣಣ್ಣಂದು. ಅವನನ್ನೂ ಕೇಳಿ ಹೇಳಿ."

ಲೋಕೇಶ್ ಕಣದ ಆ ತುದಿಯಲ್ಲಿ, ಬೆನ್ನು ತಿರುಗಿಸಿ, ತನ್ನ ಪಾಲಿನ ಕಾಫಿಯನ್ನು ಅಗತ್ಯಕ್ಕಿಂತ ಜೋರಾಗಿ ಕೆದಕುತ್ತಿದ್ದ. ಪಿಕಪ್ ಹೊರಟಾಗ ರಮ್ಯ ಮಾತ್ರ ವರಾಂಡಕ್ಕೆ ಬಂದು, ಮೆಷಿನ್ನಿಗೆಂದು ಖಾಲಿ ಮಾಡಿಸಿದ್ದ ಜಾಗ ನೋಡಿ, ಗಂಡನ ಮುಖ ನೋಡಿ, ಒಳಗೆ ಹೋದಳು.

ಮೆಷಿನ್ ಈಗ ಫ್ಲೆಕ್ಸ್ ಅಂಗಡಿಯ ಒಳಕೋಣೆಯಲ್ಲಿದೆ. ತಂದ ಮರುದಿನವೇ ಯಮುನಾ ಬೆಂಕಿಯ ಸ್ಟಿಕ್ಕರಿನ ಪ್ಯಾನಲನ್ನು ಬಿಚ್ಚಿ, ಹೊಸ ಪ್ಲೈವುಡ್ ತುಂಡು ತೆಗೆದಳು. ಗ್ರಾಫ್ ಶೀಟ್ ಬೇಕಾಗಲಿಲ್ಲ. ಬಿಳಿ ಕಾಗದದ ಮೇಲೆ ತನ್ನ ಎಡಗೈ ಇಟ್ಟು ಸುತ್ತ ಪೆನ್ಸಿಲ್ ಎಳೆದಳು, ಬಲಗೈ ಸುತ್ತ ಗಿರಿಯಿಂದ ಗೆರೆ ಎಳೆಸಿದಳು. ಪ್ರತಿ ಬೆರಳಿನ ತುದಿ ಸಹಜವಾಗಿ ಬೀಳುವಲ್ಲಿ ಒಂದು ಚುಕ್ಕೆ. ಸಾಲುಗಳು ನೆಟ್ಟಗಾಗಲಿಲ್ಲ, ಸ್ವಲ್ಪ ಬಾಗಿದವು. ಅವಳ ಕೈ ಇದ್ದದ್ದು ಹಾಗೆ. ಒಂದು ಸ್ಟಿಕ್, ಆರು ಬಟನ್, ಹಲಗೆಯ ಸರಿ ನಡುವೆ.

ಗಿರಿ ಕಂಪ್ಯೂಟರಿನಲ್ಲಿ ಇಣುಕಿ ನೋಡಿದ. "ಇನ್ನೊಂದು ಕಡೆಯದು ಎಲ್ಲಿ?"

"ಇಲ್ಲ."

"ಇಬ್ರು ಆಡೋ ಮೆಷಿನ್ ಅಲ್ವಾ ಇದು?"

"ಇಬ್ರು ಆಡಿದ್ದನ್ನ ನೋಡಿದ್ದೀರಲ್ಲ," ಎಂದು ಯಮುನಾ ಲೇಸರಿನ ಮುಚ್ಚಳ ಹಾಕಿ ಸ್ವಿಚ್ ಒತ್ತಿದಳು.